ಹಿಂದೆ ಬರುವವರಿಗೆ ಕಾಣಬೇಕಾದ ದೀಪ

ಹಳೇ ಕಾರು ಇಟ್ಟುಕೊಂಡವರು ನಾಲ್ಕು ಜನ ಸೇರಿದರೆ ಮಾತು ಬೇಗ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಒರಿಜಿನಲ್ ಇದೆಯಾ? ಬಣ್ಣ ಕಂಪನಿಯದೇ? ಸೀಟಿನ ಬಟ್ಟೆ? ಹಬ್ ಕ್ಯಾಪ್ ನಾಲ್ಕೂ ಇದಾವಾ? ನನಗೂ ಆ ಹುಚ್ಚು ಚೆನ್ನಾಗಿಯೇ ಇದೆ. ನಮ್ಮ ಮನೆಯಲ್ಲಿರುವುದು 1953ರ ಮೋರಿಸ್ ಮೈನರ್. 803 ಸಿಸಿ ಎಂಜಿನ್ನು, ಮುಂದಿನ ಗಾಜು ನಡುವೆ ಸೀಳಿದ ಎರಡು ತುಂಡು. ಅದರ ಬಾಗಿಲ ಹಿಡಿಯ ಒಂದು ಸ್ಕ್ರೂ ಕಳೆದುಹೋದಾಗ ಹೊಸದು ಹಾಕಲು ಮನಸ್ಸಾಗದೆ ಗುಜರಿ ಅಂಗಡಿಗಳನ್ನು ಸುತ್ತಿದವಳು ನಾನು. ಆದರೆ ಒಂದು ವಿಷಯದಲ್ಲಿ ಈಚೆಗೆ ಮನಸ್ಸು ಬದಲಾಗಿದೆ. ಅದು ಕಾರಿನ ಹೊರಗಿನ ದೀಪಗಳ ವಿಷಯ. ಇಂಡಿಕೇಟರು, ಬ್ರೇಕ್ ಲೈಟು, ಪಾರ್ಕಿಂಗ್ ಲೈಟು. ಇವುಗಳಿಗೂ ಒರಿಜಿನಲ್ ಅನ್ನುವ ಅದೇ ಅಳತೆಗೋಲು ಹಿಡಿಯಬೇಕಾ ಅನ್ನುವುದು ನನ್ನ ತಲೆಯಲ್ಲಿ ಕೂತಿರುವ ಪ್ರಶ್ನೆ.

ಶುರುವಾದದ್ದು ಮೈಸೂರಿನ ಕುವೆಂಪುನಗರದಲ್ಲಿ. ಮುಸ್ಸಂಜೆ, ಬೀದಿ ದೀಪ ಇನ್ನೂ ಹತ್ತಿರಲಿಲ್ಲ. ನಾನು ಬಲಗಡೆಯ ಅಡ್ಡರಸ್ತೆಗೆ ತಿರುಗಬೇಕಿತ್ತು. ಸ್ವಿಚ್ ಹಾಕಿದೆ, ತಿರುಗುವ ಸನ್ನೆ ಮಾಡುವ ಕಾರಿನ ಬಲಗಡೆಯ ತಗಡಿನ ಕೈ ಎದ್ದಿತು, ಕನ್ನಡಿ ನೋಡಿಕೊಂಡು ನಿಧಾನ ಮಾಡಿದೆ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಹುಡುಗ ಬೈಕಿನಲ್ಲಿ ಸರಿಯಾಗಿ ಅದೇ ಬಲಗಡೆಗೆ ನುಗ್ಗಿ ನನ್ನ ಕಿಟಕಿ ಪಕ್ಕಕ್ಕೆ ಬಂದ. ನಾನು ಬ್ರೇಕ್ ಒತ್ತಿದ್ದಕ್ಕೆ ಏನೂ ಆಗಲಿಲ್ಲ. ಅವನಿಗೆ ಸಿಟ್ಟೇನೂ ಇರಲಿಲ್ಲ, ಪಾಪ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ ಹೇಳಿದ: "ಅಕ್ಕಾ, ಬಾಗಿಲ ಹತ್ರ ಯಾವುದೋ ಪಟ್ಟಿ ಕಿತ್ಕೊಂಡು ಹೊರಗೆ ಬಂದಿದೆ. ಅದನ್ನ ಹೇಳೋಣ ಅಂತಾನೇ ಪಕ್ಕಕ್ಕೆ ಬಂದೆ."

ನನ್ನ ಕಾರು ಹೇಳಬೇಕಾದ್ದನ್ನು ಸರಿಯಾಗಿಯೇ ಹೇಳಿತ್ತು. ಅವನೂ ಅದನ್ನು ನೋಡಿದ್ದ. ನೋಡಿದ್ದರಿಂದಲೇ ಅಪಾಯದ ಕಡೆಗೆ ಬಂದ. ಅವತ್ತಿನಿಂದ ಈ ಮಾತು ನನ್ನನ್ನು ಬಿಟ್ಟಿಲ್ಲ.

ಲಾಂದ್ರ ಯಾರಿಗೆ?

ಆ ಕೈ ನೋಡಿದವರು ಈಗ ಕಡಿಮೆ. ಟ್ರಾಫಿಕೇಟರ್ ಅಂತ ಅದರ ಹೆಸರು. ಮುಂಬಾಗಿಲಿನ ಹಿಂದಿನ ಕಂಬದಲ್ಲಿ ಒಂದು ಸೀಳು. ಅದರೊಳಗೆ ಗೇಣುದ್ದದ ತಗಡಿನ ಕೈ ಮಡಚಿಕೊಂಡು ಕೂತಿರುತ್ತದೆ. ಬುಡದಲ್ಲಿ ತಂತಿಯ ಸುರುಳಿ. ಸ್ವಿಚ್ ಹಾಕಿದರೆ ಸುರುಳಿ ಅಯಸ್ಕಾಂತವಾಗಿ ಕಬ್ಬಿಣದ ಸರಳನ್ನು ಎಳೆಯುತ್ತದೆ, ಟಕ್ ಅಂತ ಕೈ ಅಡ್ಡಕ್ಕೆ ಎದ್ದು ನಿಲ್ಲುತ್ತದೆ. ಒಳಗೆ 3 ವ್ಯಾಟಿನ ಸಣ್ಣ ಉದ್ದನೆಯ ಬಲ್ಬು, ಹೊರಗೆ ಕಿತ್ತಳೆ ಹೊದಿಕೆ. ಮಿನುಗುವುದಿಲ್ಲ, ಸುಮ್ನೆ ಉರಿಯುತ್ತದೆ. ಕಿಟಕಿಯಿಂದ ಕೈ ಹೊರಗೆ ಚಾಚಿ ಸನ್ನೆ ಮಾಡುತ್ತಿದ್ದ ಕಾಲದಲ್ಲಿ ಇದಕ್ಕಿಂತ ಸಲೀಸಾದದ್ದು ಏನಿತ್ತು ಹೇಳಿ. ಮನುಷ್ಯನ ಕೈ ಮಾಡುವ ಕೆಲಸವನ್ನೇ ಕಾರಿನ ಕೈ ಮಾಡಿತು. ಎಲ್ಲರಿಗೂ ಅರ್ಥವಾಯಿತು.

ಈ ಕಾರು ನನ್ನ ಸೋದರಮಾವನದು. ಮಂಡ್ಯದಲ್ಲಿ ಬೆಲ್ಲದ ವ್ಯಾಪಾರ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದರು. ರಜೆಗೆ ಹೋದಾಗ ಆಲೆಮನೆಗಳಿಗೆ ಹೊರಟರೆ ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. ವಾಪಸ್ ಬರುವಾಗ ಎಷ್ಟೋ ಸಲ ಕತ್ತಲಾಗಿರುತ್ತಿತ್ತು. ಮದ್ದೂರು ಕಡೆಯ ರಸ್ತೆಗಳಲ್ಲಿ ಕಬ್ಬಿನ ಗಾಡಿಗಳ ಸಾಲು. ಗಾಡಿಯವರು ಕಬ್ಬಿನ ಮೇಲೆ ಮಲಗಿ ನಿದ್ದೆ ಹೋಗಿರುತ್ತಿದ್ದರು, ಎತ್ತುಗಳು ತಮ್ಮ ಪಾಡಿಗೆ ಕಾರ್ಖಾನೆಯ ದಾರಿ ಹಿಡಿದು ನಡೆಯುತ್ತಿದ್ದವು. ಪ್ರತಿ ಗಾಡಿಯ ಅಚ್ಚಿನ ಕೆಳಗೆ ಒಂದು ಲಾಂದ್ರ ತೂಗಾಡುತ್ತಿತ್ತು. ಅದರ ಬೆಳಕು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ರಸ್ತೆಯ ಮೇಲೆ ಉದ್ದುದ್ದ ನೆರಳು ತಿರುಗುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಷ್ಟು ಕೆಳಗೆ ಕಟ್ಟಿದರೆ ಗಾಡಿಯವನಿಗೆ ದಾರಿ ಹೇಗೆ ಕಾಣುತ್ತೆ ಮಾವ ಅಂತ ಕೇಳಿದ್ದೆ. ಮಾವ ಗೇರು ಇಳಿಸುತ್ತಾ ಹೇಳಿದರು: "ಅದು ಅವನಿಗಲ್ಲ ಕಣವ್ವ. ಎತ್ಗಳಿಗೆ ದಾರಿ ಗೊತ್ತು. ಆ ಲಾಂದ್ರ ನಮಗೆ."

ಇದನ್ನು ನಾನು ದೀಪಗಳ ಬಗ್ಗೆ ಕಲಿತ ಮೊದಲ ಪಾಠ ಅಂತಲೇ ಇಟ್ಟುಕೊಂಡಿದ್ದೇನೆ. ಕಾರಿನಲ್ಲಿ ಓಡಿಸುವವರಿಗೆ ಅಂತ ಇರುವ ಹೊರಗಿನ ದೀಪ ಹೆಡ್‌ಲೈಟು, ಫಾಗ್ ಲೈಟಿದ್ದರೆ ಅದೂ. ಮಿಕ್ಕಿದ್ದು ಹೆಚ್ಚುಕಡಿಮೆ ಎಲ್ಲ ಬೇರೆಯವರಿಗೆ. ಹಿಂದಿನ ಕೆಂಪು ದೀಪವನ್ನು ನಾನು ಕೂತ ಜಾಗದಿಂದ ನೋಡಲೂ ಆಗುವುದಿಲ್ಲ. ಸೀಟು, ಡ್ಯಾಶ್‌ಬೋರ್ಡು, ಸ್ಟೀರಿಂಗ್ ನನ್ನವು. ಅವು 1953ರಲ್ಲಿಯೇ ಇರಲಿ, ಯಾರಿಗೂ ತೊಂದರೆಯಿಲ್ಲ. ಇಂಡಿಕೇಟರ್ ನನ್ನ ಹಿಂದೆ ಬರುವ ಹುಡುಗನದು. ಅವನು ಈ ಕಾಲದವನು. ಅವನು ಬೈಕ್ ಕಲಿತದ್ದು ಮಿನುಗುವ ಹಳದಿ ದೀಪ ನೋಡಿಕೊಂಡು. ಅವನಿಗೆ ಅರ್ಥವಾಗದ ಸನ್ನೆ ಎಷ್ಟೇ ಅಂದವಾಗಿದ್ದರೂ ರಸ್ತೆಯಲ್ಲಿ ಸನ್ನೆಯಲ್ಲ.

ಕಂಪನಿಯೇ ಬದಲಿಸಿದ್ದು

ಒರಿಜಿನಲ್ ಬಿಡಬಾರದು ಅನ್ನುವ ಗೆಳೆಯರೊಬ್ಬರು ಇದ್ದಾರೆ. ಅವರ ಮಾತಿಗೆ ನಾನು ಬೆಲೆ ಕೊಡುತ್ತೇನೆ, ಯಾಕೆಂದರೆ ಅವರಷ್ಟು ಪ್ರೀತಿಯಿಂದ ಹಳೇ ಗಾಡಿ ನೋಡಿಕೊಳ್ಳುವವರನ್ನು ಮೈಸೂರಿನಲ್ಲಿ ನಾನು ಕಂಡಿಲ್ಲ. ಅವರ ವಾದ ಹೀಗೆ: ಇವತ್ತು ಇಂಡಿಕೇಟರ್, ನಾಳೆ ಪವರ್ ಸ್ಟೀರಿಂಗ್, ಆಮೇಲೆ ಎಂಜಿನ್ನು. ಎಲ್ಲಿ ನಿಲ್ಲಿಸ್ತೀರಿ? ಈ ಪ್ರಶ್ನೆ ಸಣ್ಣದಲ್ಲ. ಉತ್ತರಕ್ಕೆ ನಾನು ಕಾರಿನ ಚರಿತ್ರೆಯನ್ನೇ ನೋಡುತ್ತೇನೆ. ಅಲೆಕ್ ಇಸಿಗೋನಿಸ್ ರೂಪಿಸಿದ ಮೈನರ್ 1948ರಲ್ಲಿ ಬಂತು. ಹೋಗುತ್ತಾ ಹೋಗುತ್ತಾ ಎಂಜಿನ್ನು ಬದಲಾಯಿತು, ಮುಂದಿನ ಗಾಜು ಒಂದೇ ತುಂಡಾಯಿತು. ಆದರೂ ನೋಡಿದವರು ಮೈನರ್ ಅಂತಲೇ ಗುರುತಿಸುತ್ತಿದ್ದರು. 1961ರಲ್ಲಿ ಕಂಪನಿಯೇ ಆ ಕೈಯನ್ನು ತೆಗೆದು ಮಿನುಗುವ ದೀಪ ಹಾಕಿತು. ಅದಾದ ಎರಡು ವರ್ಷಕ್ಕೆ, ಮುಂದೆ ಹಿಂದೆ ಎರಡೂ ಕಡೆ ದೊಡ್ಡ ಕಿತ್ತಳೆ ಗ್ಲಾಸಿನ ದೀಪಗಳು ಬಂದವು. ರಸ್ತೆ ಬದಲಾದದ್ದು ಮಾಡಿದವರಿಗೇ ಗೊತ್ತಾಗಿತ್ತು. ಅವರೇ ಹಟ ಹಿಡಿಯದ ಜಾಗದಲ್ಲಿ ನಾನು ಯಾಕೆ ಹಿಡಿಯಲಿ?

ಎಲ್ಲಿ ನಿಲ್ಲಿಸಬೇಕು ಅನ್ನುವುದಕ್ಕೆ ನನ್ನ ಗೆರೆ ಇದು. ಬೇರೆಯವರ ಜೊತೆ ಮಾತಾಡುವ ಭಾಗ ಬದಲಾಗಬಹುದು. ಆದರೆ ಕಾರಿನ ಬಾಡಿಯಲ್ಲಿ ಒಂದು ತೂತೂ ಬೀಳಬಾರದು. ನನ್ನ ನಂತರ ಯಾರ ಕೈಗಾದರೂ ಕಾರು ಹೋದರೆ, ಒಂದು ಸ್ಪ್ಯಾನರ್ ಹಿಡಿದು ಅರ್ಧ ದಿನದಲ್ಲಿ ಎಲ್ಲವನ್ನೂ ಬಿಚ್ಚಿ 1953ಕ್ಕೆ ವಾಪಸ್ ತರಲು ಆಗಬೇಕು.

ಲಷ್ಕರ್ ಮೊಹಲ್ಲಾದ ಮಧ್ಯಾಹ್ನ

ಕೆಲಸ ಮಾಡಿದವರು ಲಷ್ಕರ್ ಮೊಹಲ್ಲಾದ ಎಲೆಕ್ಟ್ರಿಷಿಯನ್ ಭಾಯ್. ಅಂಬಾಸಿಡರು, ಫಿಯೆಟ್ಟು, ಜೀಪುಗಳ ವೈರಿಂಗನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಕಟ್ಟಬಲ್ಲವರು. ನಾನು ಹೊಸ ಬಲ್ಬು, ಹೊಸ ದೀಪ ಅಂತ ಪಟ್ಟಿ ಹಿಡಿದುಕೊಂಡು ಹೋಗಿದ್ದೆ. ಅವರು ಅದನ್ನು ತೆಗೆದುಕೊಂಡು ಜೇಬಿಗಿಟ್ಟರು. "ಮೊದ್ಲು ಇರೋದು ಪೂರ್ತಿ ಉರೀಲಿ ಮೇಡಂ. ಆಮೇಲೆ ಹೊಸದು."

ಹಿಂದಿನ ಬ್ರೇಕ್ ಲೈಟಿನ ಗ್ಲಾಸು ಬಿಚ್ಚಿದರು. ಬಲ್ಬು ಹತ್ತುತ್ತಿತ್ತು, ಆದರೆ ಬಣ್ಣ ಕೆಂಪಗೆ ಮಂಕಾಗಿತ್ತು. ಬ್ಯಾಟರಿಯಿಂದ ಒಂದು ದಪ್ಪ ವೈರ್ ಎಳೆದು ಅದರ ತುದಿಯನ್ನು ಹೋಲ್ಡರಿನ ತಗಡಿಗೆ ಮುಟ್ಟಿಸಿದರು. ಬಲ್ಬು ತಟ್ಟನೆ ಬೆಳ್ಳಗೆ ಉರಿಯಿತು. ವೈರ್ ತೆಗೆದರು, ಮತ್ತೆ ಮಂಕು. ಮುಟ್ಟಿಸಿದರು, ಬೆಳಕು. ಬಲ್ಬಿನಲ್ಲಿ ದೋಷವಿರಲಿಲ್ಲ, ಅರ್ಥ್, ಅಂದರೆ ಕರೆಂಟು ವಾಪಸ್ ಹೋಗುವ ದಾರಿ, ಕೆಟ್ಟಿತ್ತು. ಹಳೇ ಕಾರಿನಲ್ಲಿ ದೀಪಕ್ಕೆ ಹೋಗುವ ತಂತಿ ಒಂದು, ವಾಪಸ್ ಬರುವ ದಾರಿ ಬಾಡಿಯ ತಗಡೇ. ಆ ತಗಡಿಗೂ ದೀಪಕ್ಕೂ ನಡುವೆ ತುಕ್ಕು, ಮೇಲಿಂದ ಹೊಡೆದ ಬಣ್ಣ, ಇವೆಲ್ಲ ಕೂತರೆ ಕರೆಂಟಿಗೆ ದಾರಿಯೇ ಇಕ್ಕಟ್ಟು. ಭಾಯ್ ನೂರರ ಉಪ್ಪುಕಾಗದದಿಂದ ಹೋಲ್ಡರಿನ ಬುಡವನ್ನು ತಗಡು ಹೊಳೆಯುವವರೆಗೆ ಉಜ್ಜಿದರು. ಸ್ಕ್ರೂ ಹಾಕುವ ಜಾಗವನ್ನೂ ಉಜ್ಜಿದರು, ಗ್ರೀಸ್ ಸವರಿದರು, ಪ್ರತಿ ದೀಪಕ್ಕೂ ಬಾಡಿಯ ತಗಡಿಗೆ ಹೋಗುವ ಬೇರೆ ಒಂದು ಅರ್ಥ್ ವೈರ್ ಕಟ್ಟಿದರು. ಒಳಗಿನ ಪ್ರತಿಫಲಕಕ್ಕೆ ಬೆಳ್ಳಿ ಬಣ್ಣ ಬಳಿದರು. ಬಲ್ಬ್ ಅದೇ, ಗ್ಲಾಸ್ ಅದೇ. ಸಂಜೆ ಹೊತ್ತಿಗೆ ಬ್ರೇಕ್ ಒತ್ತಿದರೆ ಎದುರುಗಡೆ ಗೋಡೆಯೆಲ್ಲ ಕೆಂಪು. ದೀಪ ಬದಲಿಸಬೇಕು ಅಂತ ಹೊರಟ ಎಲ್ಲ ಹಳೇ ಕಾರಿನವರಿಗೂ ನಾನು ಇದನ್ನು ಹೇಳಲು ಬಯಸುತ್ತೇನೆ. ಮೊದಲು ಅರ್ಥ್ ನೋಡಿ. ಬ್ರೇಕ್ ಒತ್ತಿದರೆ ಪಾರ್ಕಿಂಗ್ ಲೈಟು ಮಂಕಾಗುವುದು, ಇಂಡಿಕೇಟರ್ ಹಾಕಿದರೆ ಇನ್ನೊಂದು ದೀಪವೂ ಸಣ್ಣಗೆ ಮಿಣುಕುವುದು, ಇವೆಲ್ಲ ಬಹುಪಾಲು ಅದೇ ಕಾಯಿಲೆಯ ಲಕ್ಷಣ.

ಆಮೇಲೆ ಎಲ್‌ಇಡಿ ಮಾತು ಬಂತು. ಇಲ್ಲಿ ಒಂದು ತೊಡಕಿದೆ. ಈಗಿನ ಕಾರುಗಳಲ್ಲಿ ಬ್ಯಾಟರಿಯ ಮೈನಸ್ ಬಾಡಿಯ ತಗಡಿಗೆ ಸೇರಿರುತ್ತದೆ. ನಮ್ಮ ಮೈನರಿನಲ್ಲಿ ಪ್ಲಸ್ ಸೇರಿದೆ. ಒಳಗೆ ತಂತಿ ಕಾದು ಉರಿಯುವ ಹಳೇ ಬಗೆಯ ತಂತಿ ಬಲ್ಬಿಗೆ ಯಾವ ಕಡೆಯಿಂದ ಕರೆಂಟು ಹರಿದರೂ ಒಂದೇ. ಎಲ್‌ಇಡಿ ಹಾಗಲ್ಲ, ಒಂದೇ ಕಡೆ ಬಿಡುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಎಲ್‌ಇಡಿ ಬಲ್ಬು ಹಾಕಿದರೆ ಬಹಳಷ್ಟು ಉರಿಯುವುದೇ ಇಲ್ಲ. ಎರಡೂ ಕಡೆ ನಡೆಯುವಂಥದ್ದನ್ನು ಕೇಳಿ ತರಬೇಕು. ಬಣ್ಣದ ವಿಷಯವೂ ಇದೆ. ಕೆಂಪು ಗ್ಲಾಸಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರೆ ಜಾಸ್ತಿ ಬೆಳಕು ಬರುತ್ತದೆ ಅಂತ ಅನ್ನಿಸುತ್ತದೆ, ಅಲ್ವಾ? ಬರುವುದಿಲ್ಲ. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಗ್ಲಾಸು ಬಿಡುವುದು ಕೆಂಪನ್ನು ಮಾತ್ರ. ಹಾಗಾಗಿ ಕೆಂಪು ಗ್ಲಾಸಿಗೆ ಕೆಂಪು ಎಲ್‌ಇಡಿ, ಕಿತ್ತಳೆಗೆ ಕಿತ್ತಳೆ. ಇನ್ನೂ ಒಂದು, ತಂತಿ ಬಲ್ಬಿನ ಬೆಳಕು ಸುತ್ತಲೂ ಹೋಗಿ ಪ್ರತಿಫಲಕಕ್ಕೆ ಬಡಿದು ಮುಂದೆ ಬರುತ್ತದೆ. ಮುಂದಕ್ಕೆ ಮಾತ್ರ ಉರಿಯುವ ಎಲ್‌ಇಡಿ ಹಾಕಿದರೆ ಆ ಪ್ರತಿಫಲಕ ದಂಡ. ನಡುವೆ ಒಂದು ಚುಕ್ಕಿ ಮಾತ್ರ ಉರಿದ ಹಾಗೆ ಕಾಣುತ್ತದೆ.

ಬ್ರೇಕ್ ಲೈಟಿಗೆ ಎಲ್‌ಇಡಿಯೇ ಸರಿ ಅಂತ ತೀರ್ಮಾನ ಮಾಡಿದೆ. ಕಾರಣ ಹೊಳಪಲ್ಲ, ವೇಗ. ತಂತಿ ಬಲ್ಬು ಕಾದು ಪೂರ್ತಿ ಬೆಳಗಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಎಲ್‌ಇಡಿ ಒತ್ತಿದ ಕ್ಷಣಕ್ಕೇ ಹತ್ತುತ್ತದೆ. ಗಂಟೆಗೆ 80 ಕಿಲೋಮೀಟರಿನಲ್ಲಿ ಹಿಂದೆ ಬರುವ ಗಾಡಿ ಅಷ್ಟರಲ್ಲಿ 4 ಮೀಟರಿಗಿಂತ ಜಾಸ್ತಿ ಬಂದುಬಿಟ್ಟಿರುತ್ತದೆ. ನನ್ನ ಕಾರಿನ ಪೂರ್ತಿ ಉದ್ದವೇ 4 ಮೀಟರ್ ಇಲ್ಲ. ಜೊತೆಗೆ ಹಳೇ ಡೈನಮೋಗೂ ಹೊರೆ ಇಳಿಯುತ್ತದೆ. ಅದು ಚೆನ್ನಾಗಿ ಓಡುವಾಗ ಕೊಡುವುದೇ ಸುಮಾರು 20 ಆಂಪಿಯರ್. ಸಿಗ್ನಲ್ಲಿನಲ್ಲಿ ನಿಂತಾಗ ಹೆಚ್ಚುಕಡಿಮೆ ಏನೂ ಇಲ್ಲ.

ಇಂಡಿಕೇಟರಿಗೆ ಮಾತ್ರ ತಂತಿ ಬಲ್ಬೇ ಇರಲಿ ಅಂದೆ. ಭಾಯ್ ಒಪ್ಪಿದರು. ಪ್ರತಿ ಬದಿಗೂ ಮುಂದೆ ಒಂದು, ಹಿಂದೆ ಒಂದು, ತಲಾ 21 ವ್ಯಾಟು. ಇಂಡಿಕೇಟರನ್ನು ಮಿನುಗಿಸುವ ಹಳೇ ಕಾಲದ ಫ್ಲ್ಯಾಷರಿನ ಒಳಗೆ ಕಾದು ಹಿಗ್ಗುವ ಲೋಹ ಇರುತ್ತದೆ. ದೀಪಕ್ಕೆ ಹೋಗುವ ಕರೆಂಟೇ ಅದನ್ನು ಕಾಯಿಸುತ್ತದೆ. ಕಾದಾಗ ಒಂದು ಸ್ಥಿತಿ, ಆರಿದಾಗ ಇನ್ನೊಂದು, ಹೀಗೆ ದೀಪ ಮಿನುಗುತ್ತದೆ. ಒಂದು ಬಲ್ಬು ಸುಟ್ಟುಹೋದರೆ ಕರೆಂಟು ಕಡಿಮೆಯಾಗಿ ಲಯ ಕೆಡುತ್ತದೆ. ಕಿವಿಗೆ ಗೊತ್ತಾಗುತ್ತದೆ, ಇಳಿದು ನೋಡುತ್ತೇವೆ. ಎಲ್‌ಇಡಿ ಹಾಕಿದರೆ ಆ ಫ್ಲ್ಯಾಷರ್ ನಡೆಯುವುದಿಲ್ಲ. ಎಲೆಕ್ಟ್ರಾನಿಕ್ ಫ್ಲ್ಯಾಷರ್ ಬೇಕು, ಇಲ್ಲವೇ ಕರೆಂಟು ತಿನ್ನಲೆಂದೇ ಒಂದು ರೆಸಿಸ್ಟರ್ ಕಟ್ಟಬೇಕು. ಆ ರೆಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಎಪ್ಪತ್ತು ವರ್ಷದ ವೈರಿಂಗ್ ಪಕ್ಕದಲ್ಲಿ ಅಂಥದ್ದನ್ನು ಇಡಲು ನನಗೆ ಧೈರ್ಯವಿಲ್ಲ.

ದೀಪ ಎಲ್ಲಿ ಕೂರಿಸುವುದು ಅನ್ನುವುದಕ್ಕೆ ಸ್ವಲ್ಪ ಹುಡುಕಾಡಿದೆವು. ಬ್ರೇಕ್ ಲೈಟನ್ನೇ ಮಿನುಗಿಸುವ ಹಳೇ ಉಪಾಯ ಒಂದಿದೆ. 1961ರ ಮೈನರಿನಲ್ಲಿ ಕಂಪನಿಯೂ ಹಾಗೇ ಮಾಡಿತ್ತು. ಆದರೆ ಬ್ರೇಕ್ ಒತ್ತಿ ತಿರುಗುವಾಗ ಒಂದು ಕೆಂಪು ಸುಮ್ನೆ ಉರಿಯುತ್ತೆ, ಇನ್ನೊಂದು ಕೆಂಪು ಮಿನುಗುತ್ತೆ. ನಮ್ಮ ರಸ್ತೆಯಲ್ಲಿ ಅದನ್ನು ನೋಡಿದವರು ಒಂದು ಬಲ್ಬಿನ ಕನೆಕ್ಷನ್ ಸಡಿಲ ಇದೆ ಅಂದುಕೊಳ್ಳುತ್ತಾರೆ. ಬೈಕಿನ ದುಂಡು ಇಂಡಿಕೇಟರ್ ನೋಡಿದೆ, ಚೆನ್ನಾಗಿತ್ತು. "ಅದ್ರಲ್ಲಿ 10 ವ್ಯಾಟ್ ಮೇಡಂ, ಬಿಸಿಲಲ್ಲಿ ಏನೂ ಕಾಣಲ್ಲ" ಅಂತ ಭಾಯ್ ಬೇಡ ಅಂದರು. ಕೊನೆಗೆ ಹಳೇ ಜೀಪಿನ ದುಂಡು ಕಿತ್ತಳೆ ದೀಪಗಳು ಸಿಕ್ಕವು. ಬಂಪರಿನ ಬೋಲ್ಟಿಗೇ ಪಟ್ಟಿ ಮಾಡಿಸಿ ಅದಕ್ಕೆ ಕೂರಿಸಿದೆವು. ಬಾಡಿಗೆ ಡ್ರಿಲ್ ಮುಟ್ಟಿಸಿಲ್ಲ. ಹಳೇ ಕೈಯೂ ಹಾಗೇ ಇದೆ. ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟ ಮೇಲೆ ಮೊದಲಿಗಿಂತ ಚುರುಕಾಗಿದೆ. ಒಂದೇ ಸ್ವಿಚ್ಚಿಗೆ ಕೈಯೂ ಏಳುತ್ತದೆ, ದೀಪವೂ ಮಿನುಗುತ್ತದೆ.

ಕಾನೂನಿನ ಮಾತು

ಸೆಂಟ್ರಲ್ ಮೋಟಾರ್ ವೆಹಿಕಲ್ಸ್ ರೂಲ್ಸ್, 1989ರ ಪ್ರಕಾರ ತಿರುಗುವ ಸೂಚನೆಯ ದೀಪದ ಬಣ್ಣ ಕಿತ್ತಳೆ ಹಳದಿ. ಬ್ರೇಕಿಗೆ ಕೆಂಪು. ಗಾಡಿಯನ್ನು ಕಂಪನಿಯ ವಿವರಕ್ಕೆ ಹೊಂದದಂತೆ ಬದಲಿಸಬಾರದು ಅಂತ 1988ರ ಮೋಟಾರು ವಾಹನ ಕಾಯಿದೆಯ 52ನೇ ಸೆಕ್ಷನ್ ಹೇಳುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಯಾಗಿ ಎತ್ತಿಹಿಡಿದಿದೆ. 2021ರಲ್ಲಿ ಬಂದ ವಿಂಟೇಜ್ ನಿಯಮ 50 ವರ್ಷ ದಾಟಿದ ಗಾಡಿಗಳಿಗೆ ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಗಿರಬಾರದು ಅನ್ನುತ್ತದೆ. ತೂತು ಕೊರೆಯದೆ, ಬಿಚ್ಚಿ ತೆಗೆಯುವಂತೆ ಮಾಡಿಸಲು ನನಗೆ ಇದೂ ಒಂದು ಕಾರಣ.

ಬಣ್ಣದ ನಿಯಮ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಹಿಂದುಗಡೆ ನೀಲಿ ಎಲ್‌ಇಡಿ ಪಟ್ಟಿ, ಬ್ರೇಕ್ ಒತ್ತಿದರೆ ಪಟಪಟ ಮಿನುಗುವ ಕೆಂಪು, ಕಪ್ಪು ಫಿಲ್ಮ್ ಅಂಟಿಸಿದ ಗ್ಲಾಸು, ಇವನ್ನು ಹಳೇ ಗಾಡಿಗಳಲ್ಲೂ ಈಗ ನೋಡುತ್ತಿದ್ದೇನೆ. ನೋಡಿದಾಗ ಬೇಸರವಾಗುತ್ತದೆ. ಕೆಂಪು ಅಂದರೆ ಗಾಡಿಯ ಹಿಂಭಾಗ, ಹಳದಿ ಮಿನುಗಿದರೆ ತಿರುಗುತ್ತಾರೆ, ಇಷ್ಟನ್ನು ಇಡೀ ರಸ್ತೆ ಒಪ್ಪಿಕೊಂಡಿದೆ. ಆ ಒಪ್ಪಿಗೆ ಇರುವುದರಿಂದಲೇ ಕತ್ತಲಲ್ಲಿ ಗುರುತಿಲ್ಲದವರನ್ನು ನಂಬಿ ಓಡಿಸುತ್ತೇವೆ. ಒಬ್ಬರ ಶೋಕಿಗೆ ಅದನ್ನು ಕೆಡಿಸುವುದು ತಪ್ಪು.

ಓಡುವ ಕಾರು, ನಿಂತ ಕಾರು

ಶ್ರೀರಂಗಪಟ್ಟಣದ ಹತ್ತಿರ ಹೆದ್ದಾರಿ ಪಕ್ಕದ ಪಯಣ ಮ್ಯೂಸಿಯಂ ನೋಡಿದ್ದೀರಲ್ಲ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹ. ಅಲ್ಲಿ ಪ್ರತಿ ದೀಪವೂ ಹುಟ್ಟಿದಾಗ ಇದ್ದ ಹಾಗೇ ಇರಬೇಕು ಅನ್ನುವವಳು ನಾನೇ. ಆ ಕಾರುಗಳ ಹಿಂದೆ ಯಾರೂ ಬರುತ್ತಿಲ್ಲ. ಅವನ್ನು ನೋಡಿ ಮುಂದಿನವರು ಕಲಿಯಬೇಕು. ಆದರೆ ನನ್ನ ಕಾರು ಮಂಡ್ಯಕ್ಕೆ ಹೋಗಿಬರುತ್ತದೆ. 2023ರಲ್ಲಿ ಹೊಸ ಹೆದ್ದಾರಿ ಬಂದು, ಆ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ಮುಖ್ಯ ರಸ್ತೆ ಬಂದ್ ಆದ ಮೇಲೆ ಅವೆಲ್ಲ ಸರ್ವೀಸ್ ರಸ್ತೆಯಲ್ಲೇ ಓಡುತ್ತವೆ. ನಿಧಾನದ ನನ್ನ ಕಾರಿಗೂ ಅದೇ ಲೇಸು. ಕಬ್ಬಿನ ಕಾಲದಲ್ಲಿ ಸಂಜೆ ಆ ರಸ್ತೆಗೆ ಹೋಗಿ ನೋಡಿ. ಟ್ರೇಲರಿನ ಹಿಂದೆ ಕಬ್ಬು ಜೋತುಬಿದ್ದು, ಇರುವ ಒಂದು ದೀಪವನ್ನೂ ಮುಚ್ಚಿರುತ್ತದೆ. ರಿಫ್ಲೆಕ್ಟರ್ ಸ್ಟಿಕ್ಕರ್ ಇದ್ದರೆ ಮಣ್ಣು ಮೆತ್ತಿರುತ್ತದೆ. ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕೋರೈಸಿದಾಗ ಮುಂದೆ ಒಂದು ಕಪ್ಪು ಗೋಡೆ ಇದೆ ಅನ್ನುವುದೇ ತಿಳಿಯುವುದಿಲ್ಲ. ಎತ್ತಿನ ಗಾಡಿಯವನು ಎರಡು ಕಾಸಿನ ಸೀಮೆಎಣ್ಣೆ ಹಾಕಿ ಕಟ್ಟುತ್ತಿದ್ದ ಲಾಂದ್ರದಷ್ಟೂ ಬೆಳಕು ಇಂಥ ಎಷ್ಟೋ ಟ್ರೇಲರುಗಳಿಗೆ ಇಲ್ಲ. ಅದನ್ನು ನೋಡಿ ಸಿಟ್ಟಾಗುವ ನಾನು, ಒರಿಜಿನಲ್ ಅನ್ನುವ ಹೆಸರಿನಲ್ಲಿ ಅರೆಮಂಕು ದೀಪ ಹಚ್ಚಿಕೊಂಡು ಅದೇ ರಸ್ತೆಗೆ ಇಳಿಯುವುದು ಹೇಗೆ?

ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಪಕ್ಕದ ಮನೆಯ ಹುಡುಗನನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ಎಲ್ಲ ದೀಪ ಹಾಕಿ ತೋರಿಸಿದೆ. ರಾತ್ರಿ ಎಲ್ಲವೂ ಚೆನ್ನಾಗಿ ಕಂಡಿತು. ಸಂಜೆ ನಾಲ್ಕರ ಬಿಸಿಲಿನಲ್ಲಿ ಮಾತ್ರ ತೊಂದರೆ. ಬಿಸಿಲು ನೇರವಾಗಿ ಗ್ಲಾಸಿಗೆ ಬಿದ್ದು ಒಳಗಿನ ಪ್ರತಿಫಲಕ ಹೊಳೆದು, ಆರಿದ ದೀಪವೂ ಉರಿದ ಹಾಗೆ ಕಾಣುತ್ತದಂತೆ. "ಆಂಟಿ, ಆನ್ ಇದೆಯೋ ಆಫ್ ಇದೆಯೋ ಗೊತ್ತಾಗ್ತಿಲ್ಲ" ಅಂತ ಅಲ್ಲಿಂದಲೇ ಕೂಗಿದ. ದೀಪದ ಮೇಲೆ ಸಣ್ಣ ತಗಡಿನ ಟೋಪಿ ಮಾಡಿಸಬೇಕು, ಪಟ್ಟಿಯನ್ನು ಒಂದು ಚೂರು ಕೆಳಕ್ಕೆ ಬಾಗಿಸಬೇಕು. ಹಿಂದೆ ಎರಡು ಕೆಂಪು ರಿಫ್ಲೆಕ್ಟರು, ನಂಬರ್ ಪ್ಲೇಟಿನ ದೀಪಕ್ಕೆ ಹೊಸ ವೈರು, ಇವೂ ಬಾಕಿ. ಆಯುಧಪೂಜೆಗೆ ಮುಂಚೆ ಭಾಯ್ ಕೈ ತುಂಬ ಕೆಲಸ. ಅದು ಮುಗಿದ ಮೇಲೆ ಗಾಡಿ ಬಿಡಿ ಅಂದಿದ್ದಾರೆ. ಅಲ್ಲಿಯವರೆಗೆ ಸಂಜೆಯ ಬಿಸಿಲಿನಲ್ಲಿ ತಿರುಗುವಾಗ ಕಿಟಕಿ ಇಳಿಸಿ ಕೈಯನ್ನೂ ಹೊರಗೆ ಚಾಚುತ್ತಿದ್ದೇನೆ.